ಚಿಲಕದ ಈ ಬದಿ

ಹನ್ನೆರಡು ಗಂಟೆಗೆ ಹೆಸರುಗಳು ಬಯಲಾಗುತ್ತವೆ ಎಂಬುದು ಬೆಳಿಗ್ಗೆ ಎದ್ದಾಗಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅವಳ ತಲೆಯಲ್ಲಿ ಸಿಕ್ಕಿಕೊಂಡಿತ್ತು. ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತದಲ್ಲ, ಹಾಗೆ. ಎದುರಿಗೆ ಯಾರದೋ ದವಡೆ ಕೂತಿತ್ತು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚುಗಳಿಗೆ ಪ್ಲಾಸ್ಟರು ಹುಯ್ದು, ಒಸಡಿನ ಜಾಗಕ್ಕೆ ಗುಲಾಬಿ ಮೇಣ ಕೂರಿಸಿ, ಆ ಮೇಣದಲ್ಲಿ ಒಂದೊಂದೇ ಹಲ್ಲು ನೆಡುವುದು ಅವಳ ಕೆಲಸ. ಹದಿನಾರು ವರ್ಷದಿಂದ ಸಾವಿರಾರು ಬಾಯಿಗಳನ್ನು ಕಂಡಿದ್ದಾಳೆ, ಅವುಗಳ ಮುಖ ಕಂಡಿಲ್ಲ. ಈ ದವಡೆಯವರಿಗೆ ಎಡಗಡೆಯಿಂದಲೇ ಅಗಿಯುವ ಅಭ್ಯಾಸ ಎಂದು ಸವೆತ ನೋಡಿಯೇ ಹೇಳಬಲ್ಲಳು, ಆದರೆ ಅವರು ಗಂಡಸೋ ಹೆಂಗಸೋ ಎಂದು ಕೇಳಿದರೆ ಚೀಟಿ ತಿರುಗಿಸಿ ನೋಡಬೇಕು. ಗಡಿಯಾರದಲ್ಲಿ ಹನ್ನೊಂದೂ ಹತ್ತು. ಮೇಣದ ಚಾಕುವನ್ನು ಬೆಂಕಿಗೆ ಹಿಡಿದಳು. ತೆಗೆಯುವುದು ತಡವಾಗಿ ಮೇಣ ಹೊಗೆಯಾಡಿತು.

ನಲವತ್ನಾಲ್ಕು ವಯಸ್ಸಿನ ಹೆಂಗಸು ಇಂಥದ್ದಕ್ಕೆಲ್ಲ ಎದೆ ಹೊಡೆದುಕೊಳ್ಳುವುದೇ ಎಂದು ತನ್ನನ್ನು ತಾನೇ ಗದರಿಕೊಂಡಳು. ಹಿಂದೆ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ನದಿ ದಂಡೆಯಲ್ಲಿ ದೋಣಿಕಟ್ಟೆ ನಡೆಸುವ ಅಕ್ಕ ತಂಗಿಯರ ಕಥೆ. ತಂಗಿ ಒಂದು ದಿನ ಯಾರಿಗೂ ಹೇಳದೆ ದೋಣಿ ಹತ್ತಿ ಹೊರಟುಹೋಗುತ್ತಾಳೆ, ವರ್ಷಗಳ ಮೇಲೆ ತಿರುಗಿ ಬಂದು ಮೆಟ್ಟಿಲು ಹತ್ತಿ ಅಕ್ಕನ ಮನೆಯ ಕದ ತಟ್ಟುತ್ತಾಳೆ, ಅಷ್ಟಕ್ಕೆ ಧಾರಾವಾಹಿ ನಿಂತುಹೋಯಿತು. ಯಾಕೆ ನಿಲ್ಲಿಸಿದರೋ, ಮುಂದಿನ ವಾರ ಆ ಹೊತ್ತಿಗೆ ಅಡುಗೆ ಕಲಿಸುವವರು ಬಂದರು. ಅತ್ತೆ ಟಿವಿಗೆ ಬೈದದ್ದು ಅವಳಿಗೆ ಇನ್ನೂ ನೆನಪಿದೆ, "ಕದ ತಟ್ಟಿದವಳನ್ನ ಹೊರಗೇ ನಿಲ್ಲಿಸಿ ಹೋದರಲ್ಲ, ಇವರ ಮನೆ ಹಾಳಾಗ!" ಮದುವೆಯಾದ ಮೊದಲ ವರ್ಷಗಳು ಅವು. ಗಂಡ ಗೂಡ್ಸ್ ರೈಲಿನ ಗಾರ್ಡು, ವಾರಕ್ಕೆ ನಾಲ್ಕು ದಿನ ಹಳಿಯ ಮೇಲೆ. ಎರಡು ಕೋಣೆಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಹಾವು ಮುಂಗುಸಿಯ ಹಾಗೆ ಇರುತ್ತಿದ್ದರು. ಬಟ್ಟೆ ಹಿಂಡುವುದು ಸರಿಯಿಲ್ಲ, ಬಾಗಿಲು ಎಳೆಯುವುದು ಜೋರು. ಆ ಅರ್ಧ ಗಂಟೆ ಮಾತ್ರ ಒಂದೇ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಇಬ್ಬರೂ ಒಂದೇ ಜಾಗದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ಅತ್ತೆಯ ಕಣ್ಣು ಮಂಜು. ಆ ಅಕ್ಕ ತಂಗಿಯರನ್ನು ಮರೆಯದ ನಾನೂರು ಜನ ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದಾರೆ ಎಂದು ಗೊತ್ತಾದ ದಿನದಿಂದ, ಅವರು ಬರೆದ ಕಥೆಗಳನ್ನು ದಿನಾ ಸಂಜೆ ಅತ್ತೆಗೆ ಓದಿ ಹೇಳುವುದು ಅವಳ ರೂಢಿ. ಓದುತ್ತ ಓದುತ್ತ ತಾನೂ ಬರೆಯತೊಡಗಿದ್ದಳು. ಅಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ. ಅವಳು ಅಲ್ಲಿ 'ಇರುವೆ'.

ವರ್ಷಕ್ಕೊಮ್ಮೆ ಮರುಹೆಣಿಗೆ ಎಂಬ ಪಂದ್ಯ. ಚೀಟಿ ಎತ್ತಿ ಒಬ್ಬರ ಕಥೆಯನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಅದನ್ನು ಬಿಚ್ಚಿ, ಅದೇ ನೂಲಿನಲ್ಲಿ ಬೇರೆಯದನ್ನು ಹೆಣೆಯಬೇಕು. ಯಾರು ಹೆಣೆದರೆಂಬುದು ಎರಡು ವಾರ ಗುಟ್ಟು, ಆಮೇಲೆ ಒಂದು ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಹೆಸರೂ ಹೊರಗೆ. ಈ ಸಲ ಅವಳಿಗೆ ಬಂದದ್ದು 'ತೇಪೆ' ಎಂಬುವವರ ಕಥೆ. ಎರಡೇ ಪುಟ. ಕದ ತಟ್ಟಿದ ತಂಗಿ ಹೊರಗೆ ನಿಂತಿದ್ದಾಳೆ. ಕೈಯಲ್ಲಿ ಚೀಲ. ಬಾಗಿಲಿನ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಬಂದು ನಿಲ್ಲುತ್ತದೆ. ನೆರಳು ಅಲುಗುವುದಿಲ್ಲ. ತಂಗಿ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಾಳೆ, ಮತ್ತೆ ಎಡದಿಂದ ಬಲಕ್ಕೆ, ಆಮೇಲೆ ಮೆಟ್ಟಿಲಿಳಿದು ಹೋಗುತ್ತಾಳೆ. ಕಥೆಯಲ್ಲಿ ಒಂದು ತೊಟ್ಟು ಕಣ್ಣೀರಿಲ್ಲ. ಅದನ್ನು ಮೊದಲ ಸಲ ಓದಿದಾಗ ಅವಳು ಬಸ್ಸಿನಲ್ಲಿದ್ದಳು, ಇಳಿಯಬೇಕಾದಲ್ಲಿ ಇಳಿಯದೆ ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟಿದ್ದಳು.

ಅವಳು ಅದನ್ನು ಒಳಗಿನಿಂದ ಬರೆದಳು. ಆ ಪಾದಗಳು ಯಾರವೋ ಅವರ ಕಡೆಯಿಂದ. ಕೂತಲ್ಲೇ, ಒಂದೇ ಮಧ್ಯಾಹ್ನದಲ್ಲಿ, ಯಾರೋ ಹೇಳಿ ಬರೆಸಿದ ಹಾಗೆ. ಚಿಲಕದ ಮೇಲಿಟ್ಟ ಬೆರಳಿಗೆ ಕಬ್ಬಿಣ ಮೊದಲು ತಣ್ಣಗಿದ್ದು ಆಮೇಲೆ ಮೈಯ ಬಿಸಿಗೆ ಬಂದು ಕೊನೆಗೆ ಇದ್ದದ್ದೇ ತಿಳಿಯದಂತಾಗುವುದು, ಹೊರಗಿನವರಿಗೆ ಕೇಳಿಸೀತೆಂದು ಉಗುಳನ್ನು ಸದ್ದಿಲ್ಲದೆ ನುಂಗುವುದು, ಅವಳಾಗೇ ಹೊರಟುಹೋದರೆ ಸಾಕು ಅನಿಸಿದ ಕೂಡಲೇ ಅವಳು ಹೋಗಿಯೇ ಬಿಟ್ಟರೆ ಎಂಬ ಭಯ ಹುಟ್ಟುವುದು. ಕೊನೆಯ ಎರಡು ಸಾಲಿನಲ್ಲಿ ಅಕ್ಕ ಚಿಲಕ ಸರಿಸಿದಳು. ಬಾಗಿಲು ತೆರೆಯಿತು. ಜನ ಮುಗಿಬಿದ್ದು ಓದಿದರು. 'ಅತ್ತುಬಿಟ್ಟೆ.' 'ಇದನ್ನು ಬರೆದವರ ಕೈಗೊಂದು ಮುತ್ತು.' ಒಬ್ಬರಂತೂ, 'ಮೂಲಕ್ಕಿಂತ ಇದೇ ಎಷ್ಟೋ ಮೇಲು, ಅದು ಬರೀ ಒಣಕಲು' ಎಂದು ಬರೆದಿದ್ದರು. ಆ ಸಾಲನ್ನು ಓದಿ ಅವಳಿಗೆ ಖುಷಿಯಾಗಿತ್ತು. ಖುಷಿಯಾಯಿತಲ್ಲ ಎಂದು ನಾಚಿಕೆಯಾಗಿತ್ತು. ನಾಚಿಕೆಯಾದ ಮೇಲೂ ದಿನಕ್ಕೆರಡು ಸಲ ಹೋಗಿ ಅದೇ ಸಾಲನ್ನು ನೋಡಿ ಬರುತ್ತಿದ್ದಳು. ಅತ್ತೆಗೆ ಓದಿ ಹೇಳಿದಾಗ ಮಾತ್ರ ಅವರು, "ಚೆನ್ನಾಗಿದೆ. ಕೊನೆಗೆ ಯಾಕೋ ಓಡಿಬಿಟ್ಟೆ," ಎಂದಿದ್ದರು.

ಹನ್ನೆರಡಾಗಿ ಎಂಟು ನಿಮಿಷಕ್ಕೆ ಮೇಜಿನ ಮೇಲಿನ ಫೋನು ಗುಂಯ್ ಎಂದಿತು. ಅವಳ ಎರಡೂ ಕೈಗೆ ಮೇಣ. ಪಕ್ಕದ ಮೇಜಿನಲ್ಲಿ ಅಚ್ಚು ಹುಯ್ಯುವ, ಎಲ್ಲರೂ ಪ್ಲಾಸ್ಟರಣ್ಣ ಎಂದು ಕರೆಯುವ, ರೆಪ್ಪೆಯವರೆಗೂ ಬಿಳಿಯಾಗಿರುವ ಮನುಷ್ಯ ಸಹಾಯವೆಂದುಕೊಂಡೇ ಫೋನೆತ್ತಿ ಓದತೊಡಗಿದ. "'ಇರುವೆ ಅವರಿಗೆ, ತೇಪೆ ಮಾಡುವ ವಂದನೆ.' ಏನಕ್ಕಾ ಇದು? ಇರುವೆಗೆ ತೇಪೆನಾ?" ಕೋಣೆಯಲ್ಲಿದ್ದ ನಾಲ್ಕೂ ಜನ ನಕ್ಕರು. "'ದೋಣಿಕಟ್ಟೆಯ ಅಕ್ಕನನ್ನು ನೀವು…' ಅಯ್ಯೋ, ಆ ಹಳೇ ಸೀರಿಯಲ್ಲಾ? ಅದರ ಕಥೆ ಬರೀತೀರಾ ನೀವು? ನಮ್ಮನೆ ಹುಡುಗಿ ಎಂಟನೇ ಕ್ಲಾಸಲ್ಲಿ ಹಿಂಗೇ ನೋಟ್ ಬುಕ್ ತುಂಬ ಬರೀತಿದ್ಲು, ಆಮೇಲೆ ಬಿಟ್ಲು."

"ಕೊಡೋ ಇಲ್ಲಿ," ಎಂದಳು. ನಗಲು ಹೋದದ್ದು ನಗೆಯಾಗಲಿಲ್ಲ. ಅವಳ ಮುಖ ನೋಡಿ ಅವನ ನಗೆಯೂ ಅರ್ಧಕ್ಕೆ ನಿಂತಿತು. "ತಪ್ಪಾಯ್ತಕ್ಕ," ಎಂದು ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ತನ್ನ ಪ್ಲಾಸ್ಟರಿನ ಬಟ್ಟಲನ್ನು ಬೇಕಿಲ್ಲದಿದ್ದರೂ ಮತ್ತೊಮ್ಮೆ ಕಲಕಿದ.

ಕೈತೊಳೆಯುವ ಜಾಗದಲ್ಲಿ ನಿಂತು ಓದಿದಳು. ಉದ್ದ ಕಾಗದವೇನಲ್ಲ. ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ, ಎಂದಿತ್ತು. ಒಳಗಿದ್ದವಳು ಹಾಗೆಲ್ಲ ಯೋಚಿಸುತ್ತಿದ್ದಳೆಂದು ನಂಬಲು ಆಸೆಯಾಗುತ್ತದೆ. ಆದರೆ ಬಾಗಿಲು ಯಾಕೆ ತೆಗೆದಿರಿ? ನಾನು ಹೊರಗೆ ನಿಂತವಳು. ಕಥೆಯಲ್ಲಿ ಮಾತ್ರವಲ್ಲ. ನನಗೆ ಬಾಗಿಲು ತೆಗೆಯಲಿಲ್ಲ ಎಂಬ ಒಂದು ಸಾಲು ಬರೆಯಲು ನನಗೆ ಆರು ವರ್ಷ ಹಿಡಿಯಿತು. ನೀವು ಒಂದೇ ಸಾಲಿನಲ್ಲಿ ತೆಗೆದುಬಿಟ್ಟಿರಿ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ. ನಿಂತು ಕಾಲು ನೋಯಿಸಿಕೊಂಡವಳು ನಾನು, ಒಳ್ಳೆಯವಳು ಅನಿಸಿಕೊಂಡವಳು ಅವಳು. ಜಗಳಕ್ಕೆ ಬರೆದದ್ದಲ್ಲ, ಹೇಳಬೇಕು ಅನಿಸಿತು, ಅಷ್ಟೆ.

ನಲ್ಲಿ ಹರಿಯುತ್ತಲೇ ಇತ್ತು. ಮೇಣ ತಣ್ಣೀರಿಗೆ ಬಿಡುವುದಿಲ್ಲ, ಉಗುರಿನಿಂದ ಕೆರೆಯಬೇಕು. ಕೆರೆದಳು. ಕ್ಷಮಿಸಿ ಎಂದು ಬರೆಯೋಣವೆಂದುಕೊಂಡಳು. ಆದರೆ ಇವರ ಬಳಿ ಕ್ಷಮೆ ಕೇಳುವುದೆಂದರೆ ತಪ್ಪಿದ ಬಸ್ಸಿನ ಚೀಟಿಯನ್ನು ಬೇರೆ ಬಸ್ಸಿನ ಕಂಡಕ್ಟರಿಗೆ ತೋರಿಸಿದ ಹಾಗಾಗುತ್ತದೆ ಎಂದೂ ಅನಿಸಿತು. ಮೇಜಿಗೆ ಹಿಂತಿರುಗಿ ಉಳಿದ ಹಲ್ಲುಗಳನ್ನು ನೆಟ್ಟಳು. ಎರಡು ಗಂಟೆಗೆ ಯಜಮಾನರು ಬಂದು ಆ ದವಡೆಯನ್ನು ಬೆಳಕಿಗೆ ಹಿಡಿದು, "ಏನಮ್ಮಾ ಇದು, ಬಲದ ದವಡೆಹಲ್ಲು ಎಡಕ್ಕಿದೆ. ಪಾಪ, ಈ ಯಮ್ಮ ಅಗಿಯೋದು ಹೇಗೆ?" ಎಂದರು. ಹದಿನಾರು ವರ್ಷದಲ್ಲಿ ಇಂಥ ತಪ್ಪು ಆಗಿರಲಿಲ್ಲ. ಅವರು ಬೈಯಲೂ ಇಲ್ಲ, "ಹುಷಾರಿಲ್ವಾ? ಮನೆಗೆ ಹೋಗು, ಸೋಮವಾರ ಮಾಡಿದ್ರಾಯ್ತು," ಎಂದರು. ಆ ಮರುಕ ಬೈಗುಳಕ್ಕಿಂತ ಚುರುಕಾಗಿ ಮುಟ್ಟಿತು.

ಬಸ್ಸಿಗೆ ಕಾಯದೆ ನಡೆದೇ ಹೊರಟಳು. ಮುಚ್ಚಿದ ಅಂಗಡಿಗಳ ಮುಂದೆ ಬೇಸಿಗೆಯ ಬಿಸಿಲು ಅಡ್ಡಾದಿಡ್ಡಿಯಾಗಿ ಬಿದ್ದಿತ್ತು. ಅವತ್ತೂ ಹೀಗೇ ಬಿಸಿಲು, ರಜೆಯ ದಿನ, ಮೂರೂವರೆ ಗಂಟೆ, ಹನ್ನೊಂದು ವರ್ಷವಾಯಿತು. ಅವಳ ಒಡಹುಟ್ಟಿದ ತಂಗಿ ಹೊರಗಿನಿಂದ ಒಂದೇ ಸಲ ತಟ್ಟಿ "ಅಕ್ಕಾ" ಎಂದಿದ್ದಳು. ಆ ಕೂಗಿನಲ್ಲೇ ಗೊತ್ತಾಗಿತ್ತು, ಗಂಡನ ಮನೆ ಬಿಟ್ಟು ಬಂದಿದ್ದಾಳೆ, ಇನ್ನು ಅಲ್ಲಿಗೆ ಹೋಗುವುದಿಲ್ಲ. ಅಪ್ಪ ಅಮ್ಮ ಆಗಲೇ ಇರಲಿಲ್ಲ, ಬರಲು ಅವಳಿಗೆ ಬೇರೆ ಮನೆಯಿರಲಿಲ್ಲ. ಆ ತಂಗಿ ಹುಟ್ಟಿದಾಗಿನಿಂದ ತನ್ನದರಲ್ಲಿ ಅವಳಿಗೆಂದು ಅರ್ಧ ಹಾಸಿಗೆ, ಅರ್ಧ ಹೊದಿಕೆ, ಅರ್ಧ ಪೆನ್ಸಿಲು ಮುರಿದು ಕೊಟ್ಟದ್ದೇ ಆಗಿತ್ತು. ಮದುವೆಯಾದ ಮೇಲೆ ಮೊದಲ ಸಲ ಒಂದು ಇಡೀ ಕಿಟಕಿ, ಸೀರೆ ತೂಗುಹಾಕಲು ಒಂದು ಇಡೀ ಮೊಳೆ ತನ್ನದು ಎಂದು ಸಿಕ್ಕಿದ್ದವು. ತಂಗಿ ಒಳಗೆ ಬಂದರೆ ಮತ್ತೆ ಹೋಗುವುದಿಲ್ಲ ಎಂದು ಹೆದರಿದ್ದಳು. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡ ಕಾರಣವೊಂದು ಸಿಗಲಿ ಎಂದು ಎಷ್ಟು ವರ್ಷ ಹುಡುಕಿದರೂ ಇಷ್ಟೇ. ಚಿಲಕದ ಮೇಲೆ ಬೆರಳಿಟ್ಟುಕೊಂಡೇ ಮುಚ್ಚಿದ ಬಾಗಿಲಿಗೆ ಬಾಯಿ ತಂದು ಹೇಳಿದ್ದಳು, "ಅತ್ತೆ ಬೇಡ ಅಂತಾರೆ ಕಣೇ. ಈಗ ಹೋಗು. ಆಮೇಲೆ ನಾನೇ ಫೋನ್ ಮಾಡ್ತೀನಿ." ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಏನೊಂದೂ ಹೇಳಿರಲಿಲ್ಲ. ಆಮೇಲೆ ಅವಳು ಬಚ್ಚಲಿಗೆ ಹೋಗಿ, ಒಗೆದಿದ್ದ ಬಟ್ಟೆಯನ್ನೇ ಮತ್ತೆ ನೆನೆಸಿ ಸಂಜೆವರೆಗೂ ಒಗೆದಿದ್ದಳು. ತಂಗಿ ಯಾವುದೋ ಹಾಸ್ಟೆಲ್ಲು ಸೇರಿ, ಡ್ರೈವಿಂಗ್ ಕಲಿತು, ಈಗ ಇನ್ನೊಂದು ಊರಿನಲ್ಲಿ ಶಾಲೆಯ ವ್ಯಾನು ಓಡಿಸುತ್ತಾಳೆ. ಭಾನುವಾರಕ್ಕೊಮ್ಮೆ ಫೋನು. ಬಿಸಿಲು, ನೆಗಡಿ, ವ್ಯಾನಿನ ಬ್ರೇಕು. ಈ ಮನೆಗೆ ಮಾತ್ರ ಅವಳು ಆಮೇಲೆ ಬಂದಿಲ್ಲ. ಇವಳು ಕರೆದಿಲ್ಲ, ಕರೆಯಲು ಯಾವ ಬಾಯಿ? ತಂಗಿಯ ಮನಸ್ಸಿನಲ್ಲಿ ಅತ್ತೆ ಹನ್ನೊಂದು ವರ್ಷದಿಂದ ರಾಕ್ಷಸಿಯಾಗಿ ಕೂತಿರಬೇಕು. ಅಲ್ಲಿ ಕೂರಿಸಿದವಳು ತಾನು.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. "ಇವತ್ತು ಬೇಗ ಬಂದೆ. ಹೆಸರು ಬಿಟ್ಟರಾ?" ಎಂದರು. ಅವರಿಗೂ ಬೆಳಗಿನಿಂದ ಅದೇ ಧ್ಯಾನ.

"ಬಿಟ್ರು ಅತ್ತೆ. ತೇಪೆ ಒಂದು ಕಾಗದ ಬರೆದಿದಾರೆ."

"ಹೊಗಳಿದ್ರಾ?"

ಓದಿ ಹೇಳಿದಳು. ಎಲ್ಲಿಯೂ ನಿಲ್ಲಿಸದೆ, ದನಿ ಏರಿಸದೆ ಇಳಿಸದೆ. ಅತ್ತೆ ಕೇಳುವಾಗ ಕಣ್ಣು ಮುಚ್ಚುತ್ತಾರೆ, ಕಾಣುವ ಅಷ್ಟಿಷ್ಟು ಮಂಜೂ ಕಿವಿಗೆ ಅಡ್ಡ ಬರುತ್ತದೆಯಂತೆ. ಓದಿ ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಅವಳು ಕೇಳಿದ್ದು ಸರಿಯಾಗೇ ಇದೆಯಲ್ಲೇ," ಎಂದರು. "ನೀನ್ಯಾಕೆ ಬಾಗಿಲು ತೆಗೆದೆ?"

"ಕಥೆ ಅಲ್ವಾ ಅತ್ತೆ."

"ಕಥೆ ಅಂತಾನೇ ಕೇಳ್ತಿರೋದು. ಚಿಲಕದ ಮೇಲೆ ಕೈ ಇಟ್ಟಿದ್ದು, ಉಗುಳು ನುಂಗಿದ್ದು, ಅಲ್ಲಿವರೆಗೂ ನಿಂಗೆ ಗೊತ್ತಿದ್ದನ್ನ ಬರೆದೆ. ಬಾಗಿಲು ತೆಗೆದಿದ್ದು ನಿಂಗೆ ಗೊತ್ತಿಲ್ಲ. ಅಲ್ಲಿ ಓಡಿದೆ." ಅತ್ತೆ ಸೆರಗಿನ ತುದಿಯಿಂದ ಕಣ್ಣಿನ ಮೂಲೆ ಒರೆಸಿಕೊಂಡರು. ಅದು ಅಳುವಲ್ಲ, ಅವರ ಕಣ್ಣು ದಿನವಿಡೀ ಸೋರುತ್ತದೆ. "ಅವತ್ತು ನಾನು ಎಚ್ಚರ ಇದ್ದೆ ಕಣೇ."

ಅವಳ ಕೈಯಲ್ಲಿದ್ದ ಫೋನು ಮಡಿಲಿಗೆ ಇಳಿಯಿತು.

"ನಿನ್ ತಂಗಿ ಕೂಗಿದ್ದು ಕೇಳಿಸ್ತು. ಬಾಗಿಲು ತೆಗೀತಾಳೆ, ಈಗ ತೆಗೀತಾಳೆ ಅಂತ ಕಾದೆ. ಆಮೇಲೆ ನನ್ನ ಹೆಸರು ಕೇಳಿಸ್ತು."

"ಅತ್ತೆ…"

"ಸಿಟ್ಟು ಬಂದಿತ್ತು. ಬರಲಿಲ್ಲ ಅಂದ್ರೆ ಸುಳ್ಳು. ಎದ್ದು ಬಂದು ನಿನ್ನ ಜುಟ್ಟು ಹಿಡೀಬೇಕು ಅನ್ನೋಷ್ಟು ಬಂದಿತ್ತು. ಆಮೇಲೆ ಅನ್ನಿಸ್ತು, ನಾನು ಅಂಥವಳೇ ಇರಬೇಕು, ಇಲ್ಲದಿದ್ರೆ ಇವಳಿಗೆ ಅಷ್ಟು ಸಲೀಸಾಗಿ ನನ್ನ ಹೆಸರು ಬಾಯಿಗೆ ಹೆಂಗೆ ಬರ್ತಿತ್ತು? ಬಟ್ಟೆ ಹಿಂಡೋದಕ್ಕೂ ತಪ್ಪು ಹುಡುಕ್ತಿದ್ದೆನಲ್ಲ ಆಗ." ಅತ್ತೆ ನಕ್ಕರು, ಸದ್ದಿಲ್ಲದೆ, ಬೊಚ್ಚುಬಾಯಿಯಲ್ಲಿ. ಸೊಸೆ ಕೈಯಾರೆ ಮಾಡಿಕೊಟ್ಟ ಹಲ್ಲಿನ ಸೆಟ್ಟು ಎದುರಿನ ಬಟ್ಟಲಲ್ಲಿ ಮುಳುಗಿತ್ತು, ಮನೆಯಲ್ಲಿರುವಾಗ ಅವರು ಹಾಕಿಕೊಳ್ಳುವುದಿಲ್ಲ. "ಆಮೇಲೆ ಬಟ್ಟೆ ವಿಷಯ ಬಿಟ್ಟುಬಿಟ್ಟೆ. ನೀನು ಗಮನಿಸಲೇ ಇಲ್ಲ."

ಗಮನಿಸಿದ್ದಳು. ಅತ್ತೆಗೆ ವಯಸ್ಸಾಗುತ್ತಿದೆ, ಮೆತ್ತಗಾಗಿದ್ದಾರೆ ಎಂದುಕೊಂಡಿದ್ದಳು. ತಾನು ಸಹಿಸಿಕೊಂಡೇ ಗೆದ್ದೆ ಎಂದೂ ಒಳಗೊಳಗೇ ಅಂದುಕೊಂಡಿದ್ದಳು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅತ್ತೆಯ ಮೊಣಕಾಲಿಗೆ ತಲೆಯಾನಿಸಿದಳು. ಅತ್ತೆಯ ಕೈ ಅವಳ ತಲೆಯ ಮೇಲೆ ಬಂತು, ಕೂದಲಿನಲ್ಲಿ ಏನೋ ಹುಡುಕಿ, ಗಟ್ಟಿಯಾದ ಮೇಣದ ಒಂದು ಚೂರನ್ನು ಎಳೆದು ತೆಗೆಯಿತು. "ಹನ್ನೊಂದು ವರ್ಷ ಯಾಕೆ ಹೇಳಲಿಲ್ಲ ನೀವು?" ಎಂದು ಕೇಳಿದಳು.

"ಹೇಳಿದ್ರೆ ನೀನು ನನ್ನ ಮುಖ ನೋಡ್ತಿದ್ಯಾ? ಅವನು ಯಾವಾಗ್ಲೂ ರೈಲಿನ ಮೇಲೆ, ಮನೇಲಿ ಇರೋರು ನಾವಿಬ್ಬರು. ಮುಖ ನೋಡ್ದೆ ಇರೋಕಾಗುತ್ತಾ?"

ತೇಪೆಗೆ ಉತ್ತರ ಬರೆದದ್ದು ಆಗ, ನೆಲದ ಮೇಲೆ ಕೂತೇ. ಇರುವೆಯ ದನಿಯಲ್ಲಿ ಬರೆಯಲು ಹೊರಟರೆ ಮಾತು ಚಂದವಾಗಿಬಿಡುತ್ತಿತ್ತು, ಎರಡು ಸಲ ಅಳಿಸಿದಳು. ಕೊನೆಗೆ ಬರೆದದ್ದು ಇಷ್ಟು: ನಾನು ಒಳಗಿದ್ದವಳು. ಕಥೆಯಲ್ಲಿ ಮಾತ್ರವಲ್ಲ. ಚಿಲಕದ ಮಾತು ನಿಜ, ನಾನು ಬಾಗಿಲು ತೆಗೆಯಲಿಲ್ಲ. ನಿಮ್ಮ ಕಥೆಯಲ್ಲಿ ತೆಗೆದು ಪುಕ್ಕಟೆ ಒಳ್ಳೆಯವಳಾದೆ. ಬೇಕೆಂದರೆ ನನ್ನ ಕಥೆಯನ್ನು ಇವತ್ತೇ ಅಲ್ಲಿಂದ ತೆಗೆದುಹಾಕುತ್ತೇನೆ. ಕಳಿಸಿ, ಫೋನು ಮಗುಚಿಟ್ಟು, ಅತ್ತೆಗೆ ಕುಡಿಯಲು ನೀರು ತಂದುಕೊಟ್ಟು, ಬೇಕಿಲ್ಲದಿದ್ದರೂ ತಾನೂ ಕುಡಿದಳು. ಇಷ್ಟು ಬೇಗ ಉತ್ತರ ಬಂದೀತೆಂದು ಎಣಿಸಿರಲಿಲ್ಲ.

'ತೆಗೆಯಬೇಡಿ. ಒಳಗಿದ್ದವಳೂ ಅಷ್ಟು ನೋಯುತ್ತಲೇ ನಿಂತಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ಹೊರಗಿನಿಂದ ಬರೀ ನೆರಳು ಕಾಣುತ್ತಿತ್ತು.'

ಅತ್ತೆಗೆ ಅದನ್ನೂ ಓದಿದಳು. ಅತ್ತೆ ಫೋನಿದ್ದ ಅವಳ ಕೈಯನ್ನು ತಡವಿ ಹಿಡಿದು, ಎರಡು ಸಲ ತಟ್ಟಿ, ಬಿಟ್ಟರು. ಬೀದಿಯಲ್ಲಿ ಇನ್ನೂ ಬೆಳಕಿತ್ತು, ಯಾರೋ ಸೈಕಲ್ಲಿನ ಚೈನು ಹಾಕಿಕೊಳ್ಳುತ್ತ ಬೈದುಕೊಳ್ಳುತ್ತಿದ್ದರು. ತಂಗಿಯ ನಂಬರು ಒತ್ತಿದಳು. ಭಾನುವಾರವಲ್ಲದ ದಿನ ಅವಳು ಫೋನು ಮಾಡಿದವಳಲ್ಲ.

"ಅಕ್ಕ? ಯಾರಿಗೇನಾಯ್ತು?" ತಂಗಿಯ ದನಿಯಲ್ಲಿ ಗಾಬರಿ. "ನಿಮ್ಮತ್ತೆ ಹುಷಾರಾಗಿದಾರೆ ತಾನೇ?"

ರಾಕ್ಷಸಿಯ ಬಗ್ಗೆ ಹೀಗೆ ಕೇಳುತ್ತಾರೆಯೇ ಎಂದು ಅವಳಿಗೆ ಒಂದು ಗಳಿಗೆ ಅನಿಸಿತು, ಆದರೆ ಎಷ್ಟೋ ವರ್ಷದಿಂದ ಕಟ್ಟಿಟ್ಟುಕೊಂಡ ಮಾತು ಅಷ್ಟರಲ್ಲಿ ಹೊರಗೆ ಬಂದಾಗಿತ್ತು. "ಹುಷಾರಾಗಿದಾರೆ. ನಾನೊಂದು ಮಾತು ಹೇಳಬೇಕು, ನಡುವೆ ಮಾತಾಡಬೇಡ. ಅವತ್ತು ನೀನು ಬಂದಾಗ ಅತ್ತೆ ಬೇಡ ಅಂದಿರಲಿಲ್ಲ. ಮಲಗಿದ್ರು. ಅವರನ್ನ ಕೇಳೇ ಇರಲಿಲ್ಲ ನಾನು. ಬೇಡ ಅಂದವಳು ನಾನು. ನೀನು ಬಂದ್ರೆ ಹೋಗಲ್ಲ ಅಂತ… ನನ್ನ ಜಾಗ ಹೋಗುತ್ತೆ ಅಂತ."

ಆ ಕಡೆ ಯಾವುದೋ ವಾಹನ ಹಾದುಹೋಯಿತು. ತಂಗಿ ರಸ್ತೆಯ ಬದಿಯಲ್ಲೆಲ್ಲೋ ಇದ್ದಳು.

"ಗೊತ್ತು ಅಕ್ಕ."

"ಏನು ಗೊತ್ತು?"

"ಅತ್ತೆ ಬೇಡ ಅಂದಿರಲಿಲ್ಲ ಅಂತ. ಅವರು ಹಿಂದುಗಡೆ ಬಾಗಿಲಿಂದ ಬಂದಿದ್ರು ಕಣೇ, ನಾನು ಬಸ್ ಸ್ಟಾಪಿಗೆ ಹೋಗಿ ಕೂತ ಮೇಲೆ. ಏದುಸಿರು ಬಿಡ್ತಾ ಬಂದು ನನ್ನ ಪಕ್ಕ ಕೂತ್ಕೊಂಡ್ರು. ಬಾ ಮನೆಗೆ ಅಂದ್ರು. ನಾನು ಹಟ ಹಿಡಿದೆ. ಅಕ್ಕ ಬಂದು ಕರೀಲಿ, ಬರ್ತೀನಿ ಅಂದೆ. ಸರಿ, ಬರ್ತಾಳೆ, ಕಾಯೋಣ ಅಂದ್ರು. ಎರಡು ಬಸ್ ಬಿಟ್ವಿ ಇಬ್ರೂ. ಮೂರನೇದು ಬಂದಾಗ ನಾನೇ ಎದ್ದೆ." ಆ ಕಡೆ ತಂಗಿ ವ್ಯಾನಿನ ಬಾಗಿಲು ಎಳೆದುಕೊಂಡ ಸದ್ದಾಯಿತು. "ಅವಳಿಗೆ ಹೇಳಬೇಡ, ನಾಚ್ಕೊಂಡು ಸತ್ತೋಗ್ತಾಳೆ ಅಂತ ಆಣೆ ಹಾಕಿಸ್ಕೊಂಡಿದ್ರು. ಹಾಸ್ಟೆಲ್ಲಿಗೆ ಆಗಾಗ ಫೋನ್ ಮಾಡೋರು. ಈಗ್ಲೂ ಮಾಡ್ತಾರೆ, ನೀನು ಕೆಲಸಕ್ಕೆ ಹೋದ ಮೇಲೆ."

ಅವಳು ತಿರುಗಿ ನೋಡಿದಳು. ಅತ್ತೆ ಕಿಟಕಿಯ ಕಡೆಗೆ ಮುಖ ಮಾಡಿ, ಹೊರಗೆ ಬಹಳ ಮುಖ್ಯವಾದದ್ದೇನೋ ಕಾಣುತ್ತಿದೆ ಎಂಬ ಹಾಗೆ ಕತ್ತು ಚಾಚಿ ಕೂತಿದ್ದರು. ಬಿಸಿಲಿನಲ್ಲಿ ಆ ಇಬ್ಬರೂ ಬೆಂಚಿನ ಮೇಲೆ ಕೂತು ಇದೇ ಬೀದಿಯ ತಿರುವನ್ನು ನೋಡುತ್ತಿದ್ದರು, ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು, ಆ ಹೊತ್ತಿನಲ್ಲೆಲ್ಲ ತಾನು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. ಅತ್ತು ಹಗುರಾಗುವಷ್ಟು ಸಣ್ಣ ಮಾತಾಗಿರಲಿಲ್ಲ ಅದು. ಫೋನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು.

"ಈಗ ಕರೀತಿದೀನಿ," ಎಂದಳು. "ಬರ್ತೀಯಾ?"

ಫೋನು ಕೆಟ್ಟಿತೇ ಎಂದು ಅವಳು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡಳು. ಆಮೇಲೆ ಮೂಗೆಳೆದುಕೊಂಡ ಸದ್ದು.

"ನಾಳೆ ರಜಾ," ಎಂದಳು ತಂಗಿ. "ವ್ಯಾನಲ್ಲೇ ಬರ್ತೀನಿ. ಮನೆ ಮುಂದೆ ನಿಲ್ಲಿಸೋಕೆ ಜಾಗ ಇದೆಯಾ? ಉದ್ದ ಇದೆ ಅದು, ಹದಿನಾರು ಸೀಟು."

"ಏನಂತೆ?" ಎಂದು ಅತ್ತೆ ಕಿಟಕಿಯ ಕಡೆಯಿಂದಲೇ ಕೇಳಿದರು.

"ವ್ಯಾನ್ ನಿಲ್ಲಿಸೋಕೆ ಜಾಗ ಇದೆಯಾ ಅಂತ ಕೇಳ್ತಿದಾಳೆ."

"ಇದೆ ಅನ್ನು. ಹೂಕುಂಡಗಳನ್ನ ಸರಿಸಿದ್ರಾಯ್ತು ಅನ್ನು," ಎಂದ ಅತ್ತೆ ಆಗಲೇ ಕುರ್ಚಿಯ ಕೈ ಹಿಡಿದು ಏಳತೊಡಗಿದ್ದರು. ಇಬ್ಬರೂ ಸೇರಿ, ಒಬ್ಬರಿಗೆ ಕಾಣದೆ, ಇನ್ನೊಬ್ಬರಿಗೆ ಕಣ್ಣು ತುಂಬಿ ಕಾಣದೆ, ಮನೆ ಮುಂದಿನ ಒಂಬತ್ತು ಕುಂಡಗಳನ್ನು ಒಂದೊಂದಾಗಿ ಗೋಡೆಯ ಬದಿಗೆ ದೂಡಿದರು.